ಬಾಡಿಗೆಯ ಬೆಂಚು, ಬಿಟ್ಟಿ ಬೆಂಚು

ಈ ಸಲದ ಸಂಚಿಕೆಗೆ ಚರ್ಚುಗಳ ನಗರಸೇವೆಯ ವಿಚಾರವಾಗಿ, ಎಂದರೆ ಪಟ್ಟಣದ ಬಡವರ ನಡುವೆ ಚರ್ಚು ಮಾಡುವ ಕೆಲಸದ ವಿಚಾರವಾಗಿ, ಬರೆಯುತ್ತೇನೆಂದು ನಾನು ಹೇಳಿದಾಗ ಸಹಪಾಠಿ ಮಿತ್ರರು ನಕ್ಕರು. "ದೀಕ್ಷಾಸ್ನಾನ ಯಾವಾಗಯ್ಯ?" ಎಂದ ಒಬ್ಬ. ಇನ್ನೊಬ್ಬ ನನಗೊಂದು ಹೊಸ ಹೆಸರನ್ನೇ ಇಟ್ಟ. ಅದನ್ನು ಸಂಪಾದಕರು ಅಚ್ಚು ಮಾಡಲಾರರು. ಹಾಗೇನೂ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯ ಗೋಡೆಯ ಮೇಲಿರುವುದು ತಿಂಥಣಿ ಮೌನೇಶ್ವರನ ಪಟ. ಅದರ ಕೆಳಗೆ ಅವ್ವ ದಿನಾಲೂ ದೀಪ ಹಚ್ಚುತ್ತಾಳೆ. ನಾನು ಚರ್ಚಿನ ಒಳಗೆ ಕಾಲಿಟ್ಟಿರುವುದು ಎರಡೋ ಮೂರೋ ಸಲ. ಆದರೆ ಚರ್ಚಿನ ಹಿಂಬದಿಯ ಹಜಾರದಲ್ಲಿ, ಒಂದು ಕಾಲು ಕುಂಟುವ ಬೆಂಚಿನ ಮೇಲೆ, ನನ್ನ ಬಾಲ್ಯದ ಆರು ವರ್ಷಗಳ ಸಂಜೆಗಳು ಕಳೆದಿವೆ. ಆ ಬೆಂಚಿನ ಋಣ ನನ್ನ ಮೇಲಿದೆ. ಒಂದು ಸಣ್ಣ ಸಿಟ್ಟೂ ಇದೆ. ಈ ಬರಹ ಎರಡಕ್ಕೂ ಸಂಬಂಧಪಟ್ಟದ್ದು.

ನಾವು ಯಾದಗಿರಿ ಕಡೆಯವರು. ನಾನು ನಾಲ್ಕು ವರ್ಷದವನಿದ್ದಾಗ ಅಪ್ಪ, ಅವ್ವ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದರು. ಅಪ್ಪ ಮೊದಲು ಕೂಲಿ, ಆಮೇಲೆ ಗಾರೆ ಮೇಸ್ತ್ರಿ. ಅವ್ವ ಕಾಂಕ್ರೀಟಿನ ಬಾಂಡಲಿ ಹೊರುತ್ತಿದ್ದಳು. ಕಟ್ಟಡ ಏಳುವವರೆಗೆ ಅದರ ಪಕ್ಕದ ತಗಡಿನ ಶೆಡ್ಡೇ ನಮ್ಮ ಮನೆ. ಕಟ್ಟಡ ಮುಗಿದು ಅದರೊಳಗೆ ಸಂಸಾರಗಳು ಬಂದು ಸೇರುವ ಹೊತ್ತಿಗೆ ನಮ್ಮ ಶೆಡ್ಡು ಬೇರೆಡೆಗೆ ಹೋಗಿರುತ್ತಿತ್ತು. ಹೀಗೆ ಅಲೆದಲೆದು ಕೊನೆಗೆ ಒಂದು ಓಣಿಯಲ್ಲಿ ಬಾಡಿಗೆಗೆ ನಿಂತೆವು. ಆ ಓಣಿಯ ಕೊನೆಗಿದ್ದ ಚರ್ಚಿನ ಹಜಾರದಲ್ಲಿ ಸಂಜೆ ಆರರಿಂದ ಎಂಟರವರೆಗೆ ಬಿಟ್ಟಿ ಪಾಠ ನಡೆಯುತ್ತಿತ್ತು. ನಾವೆಲ್ಲ "ಅಕ್ಕ" ಎಂದು ಕರೆಯುತ್ತಿದ್ದ ಒಬ್ಬರು ಭಿನ್ನರಾಶಿಯನ್ನು ಬನ್ನು ಮುರಿದು ಕಲಿಸಿದರು. ಕಾಲು, ಅರೆ, ಮುಕ್ಕಾಲು ಎಂದು ಹಂಚಿ, ಉತ್ತರ ಸರಿಯಾದರೆ ಆ ತುಂಡು ನಮಗೇ. ಪಾಠಕ್ಕೆ ಮೊದಲು ಒಂದು ಪ್ರಾರ್ಥನೆ ಇರುತ್ತಿತ್ತು. ನಾವು ಕಣ್ಣು ಮುಚ್ಚಿದಂತೆ ಮಾಡಿ ಬನ್ನಿನ ಬುಟ್ಟಿಯನ್ನು ನೋಡುತ್ತಿದ್ದೆವು. ಅದಕ್ಕಿಂತ ಹೆಚ್ಚಿನದನ್ನು ಯಾರೂ ನಮ್ಮಿಂದ ಕೇಳಲಿಲ್ಲವೆಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಅಪ್ಪನಿಗೆ ಮಾತ್ರ ಕೊನೆಯವರೆಗೂ ಅನುಮಾನ. "ಪುಕ್ಕಟ ಕೊಡ್ಲಿಕ್ಕ ಅವರೇನ್ ನಮ್ಮ ಬೀಗರೇನು?" ಎನ್ನುತ್ತಿದ್ದ.

ಸಿಟ್ಟಿನ ಸಂಗತಿ ನಾನು ಏಳನೆಯ ತರಗತಿಯಲ್ಲಿದ್ದಾಗಿನದು. ಹಜಾರಕ್ಕೆ ಹಣ ಕೊಡುವ ಅತಿಥಿಗಳು ದೂರದಿಂದ ಬರುವವರಿದ್ದರು. ಚೆನ್ನಾಗಿ ಓದುವ ಹುಡುಗನೆಂದು ನನ್ನನ್ನು ಆರಿಸಿ, ಒಂದು ಹಾಳೆ ಬರೆದುಕೊಟ್ಟು, ಬಾಯಿಪಾಠ ಮಾಡಿಸಿದರು. ಅದರಲ್ಲಿ ನನ್ನ ತಂದೆ ಕುಡಿದು ಬಂದು ಹೊಡೆಯುತ್ತಾರೆಂದೂ, ಈ ಪಾಠ ಸಿಗದಿದ್ದರೆ ನಾನು ಬೀದಿಪಾಲಾಗುತ್ತಿದ್ದೆನೆಂದೂ ಇತ್ತು. ನಮ್ಮಪ್ಪ ಎಲೆ ಅಡಿಕೆಯ ಹೊರತು ಇನ್ನೊಂದು ಚಟ ಅರಿಯದವನು. ಹಾಗೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಬರೆದುಕೊಟ್ಟವರು ಕೆಟ್ಟವರೇನಲ್ಲ, ಓಣಿಯ ಎಷ್ಟೋ ಮನೆಗಳಲ್ಲಿ ಅದು ನಿಜವೇ ಆಗಿತ್ತು, ನಮ್ಮ ಮನೆಯಲ್ಲೂ ಇದ್ದೀತೆಂದು ಅವರು ಭಾವಿಸಿರಬೇಕು. ನಾನು ವೇದಿಕೆಯ ಮೇಲೆ ನಿಂತು ಒಂದಕ್ಷರ ತಪ್ಪದೆ ಒಪ್ಪಿಸಿದೆ. ದೊಡ್ಡ ಚಪ್ಪಾಳೆ ಬಿತ್ತು. ಹೊಸ ಪುಸ್ತಕದ ಚೀಲ ಕೊಟ್ಟು ಫೋಟೋ ತೆಗೆದರು. ಕೆಳಗಿಳಿದಾಗ ನೋಡಿದರೆ, ಕೆಲಸದಿಂದ ನೇರವಾಗಿ ಬಂದ ಅವ್ವ, ಸೀರೆಯ ಮೇಲೆ ಸಿಮೆಂಟಿನ ಕಲೆಯೊಡನೆ, ಬಾಗಿಲ ಬಳಿ ನಿಂತಿದ್ದಳು. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ರಾತ್ರಿ ಅಪ್ಪ, "ಚೀಲ ಯಾಕ ಕೊಟ್ರು?" ಎಂದು ಕೇಳಿದ. "ಚಂದ ಮಾತಾಡ್ದ, ಅದಕ್ಕ," ಎಂದಳು ಅವ್ವ. ಆ ಮಾತು ಅಲ್ಲಿಗೇ ನಿಂತಿತು. ಚೀಲ ಮಾತ್ರ ಮೂರು ವರ್ಷ ಬಾಳಿತು.

ಕಳೆದ ಡಿಸೆಂಬರಿನಲ್ಲಿ ಅದೇ ಹಜಾರದಿಂದ ಫೋನು ಬಂತು. ಈಗಿನ ಪಾದ್ರಿಯವರು ಹೊಸಬರು. ಅಲ್ಲಿ ಓದಿದವರಲ್ಲಿ ಬಿ.ಎ. ಕೊನೆಯ ವರ್ಷ ಮುಟ್ಟಿದ ಮೊದಲಿಗ ನಾನಂತೆ. ವಾರ್ಷಿಕೋತ್ಸವಕ್ಕೆ ಬಂದು ನಾಲ್ಕು ಮಾತಾಡಬೇಕಂತೆ. ಒಂದು ವಾರದ ಸಮಯ ಕೇಳಿದೆ. ಉತ್ತರ ಹೊಳೆಯದಿದ್ದಾಗ ನಾನು ಗ್ರಂಥಾಲಯದಲ್ಲಿ ಕ್ರಿಕೆಟ್ ಚರಿತ್ರೆ ಓದುವುದು ರೂಢಿ. ಅಲ್ಲಿ ಸಿಕ್ಕಿದವರೇ ಡೇವಿಡ್ ಶೆಪರ್ಡ್. 1952ರಲ್ಲಿ ಓವಲ್ ಮೈದಾನದಲ್ಲಿ ನಮ್ಮ ದೇಶದ ತಂಡದ ಮೇಲೆ 119 ಓಟ ಹೊಡೆದ ಇಂಗ್ಲೆಂಡಿನ ಆಟಗಾರ, 1955ರಲ್ಲಿ ಪಾದ್ರಿಯಾದರು, ಪಾದ್ರಿಯಾದ ಮೇಲೂ ಟೆಸ್ಟ್ ಆಡಿದರು. 1962–63ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಅವರು ಕ್ಯಾಚುಗಳನ್ನು ಕೈಬಿಟ್ಟಾಗ, ಪಾದ್ರಿಗಳು ಮೈದಾನದಲ್ಲಿಯೂ ಆಗಾಗ ಕೈಜೋಡಿಸಿದರೆ ಒಳ್ಳೆಯದಿತ್ತೆಂದು ಬೌಲರ್ ಟ್ರೂಮನ್ ಹಾಸ್ಯ ಮಾಡಿದರೆಂಬ ಕಥೆ ಪ್ರಸಿದ್ಧವಾಗಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಆಟವಲ್ಲ. ಆಟದ ಪ್ರಸಿದ್ಧಿಯ ನಡುವೆಯೇ ಅವರು ಲಂಡನ್ನಿನ ಪೂರ್ವಭಾಗದ ಕ್ಯಾನಿಂಗ್ ಟೌನ್ ಎಂಬ ಹಡಗುಕಟ್ಟೆ ಕೂಲಿಗಳ ಬಡಾವಣೆಯಲ್ಲಿ ಹತ್ತು ವರ್ಷಕ್ಕೂ ಮಿಗಿಲಾಗಿ ನೆಲೆಸಿ, ಅಲ್ಲಿಯ ಒಂದು ಕೇಂದ್ರವನ್ನು ನಡೆಸಿದ ಸಂಗತಿ. ನನ್ನ ಹಜಾರದಂಥದೇ ಒಂದು ಹಜಾರ! ಅಲ್ಲಿಂದ ಪುಸ್ತಕದಿಂದ ಪುಸ್ತಕಕ್ಕೆ ಹಾರಿದೆ. ವಾರ ಕಳೆಯುವಷ್ಟರಲ್ಲಿ ಕ್ರಿಕೆಟ್ ಮರೆತು, ಸುಮಾರು 200 ವರ್ಷಗಳಷ್ಟು ಹಿಂದಕ್ಕೆ ಹೋಗಿದ್ದೆ.

ಇಂಗ್ಲೆಂಡಿನ ಚರ್ಚುಗಳಿಗೆ ನಗರ ಒಂದು ಸಮಸ್ಯೆಯಾಗಿ ಕಂಡದ್ದು ಕಾರ್ಖಾನೆಗಳು ಎದ್ದ ಮೇಲೆ. ಹಳ್ಳಿಯಲ್ಲಿ ಪಾದ್ರಿಗೆ ಪ್ರತಿ ಮನೆಯೂ ಗೊತ್ತು. ಮ್ಯಾಂಚೆಸ್ಟರು, ಲೀಡ್ಸುಗಳಂಥ ಊರುಗಳಲ್ಲಿ ಜನ ಎಲ್ಲಿಂದಲೋ ಬಂದು ಎಲ್ಲೋ ತುಂಬಿಕೊಂಡವರು. ಮೊದಲ ಪರಿಹಾರ ಬಹು ಸರಳವಾಗಿತ್ತು: ಇನ್ನಷ್ಟು ಚರ್ಚು ಕಟ್ಟುವುದು. 1818ರಲ್ಲಿ ಪಾರ್ಲಿಮೆಂಟು ಇದಕ್ಕಾಗಿ 10 ಲಕ್ಷ ಪೌಂಡು ಕೊಟ್ಟಿತು. ಆದರೆ 1851ರ ಮಾರ್ಚ್ 30ರ ಭಾನುವಾರ ದೇಶದ ಚರ್ಚುಗಳಿಗೆ ಬಂದವರ ತಲೆ ಎಣಿಸಿದಾಗ, ಬರಬಹುದಾಗಿದ್ದೂ ಬಾರದವರು 50 ಲಕ್ಷಕ್ಕೂ ಹೆಚ್ಚೆಂಬ ಅಂದಾಜು ಹೊರಬಿತ್ತು. ಬಾರದವರಲ್ಲಿ ಬಹುಪಾಲು ಪಟ್ಟಣಗಳ ಕೂಲಿಗಾರರು. ಪ್ರತಿಷ್ಠಿತರು ಬೆಚ್ಚಿಬಿದ್ದರು.

ಏಕೆ ಬರಲಿಲ್ಲ? ನನಗೆ ತಟ್ಟನೆ ಅರ್ಥವಾದ ಕಾರಣ ಬೆಂಚು. ಅಂದಿನ ಅನೇಕ ಚರ್ಚುಗಳಲ್ಲಿ ಮುಂದಿನ ಆಸನಗಳಿಗೆ ಬಾಡಿಗೆ ಇತ್ತು. ಕೊಟ್ಟವರ ಕುಟುಂಬಕ್ಕೆ ಅದು ಮೀಸಲು; ಕೆಲವಕ್ಕೆ ಬಾಗಿಲೂ ಇರುತ್ತಿತ್ತು. ಕೊಡಲಾರದವರಿಗೆ ಹಿಂದೆ, ಇಲ್ಲವೆ ನಡುದಾರಿಯಲ್ಲಿ, ಬಿಟ್ಟಿ ಬೆಂಚು. 1851ರ ಆ ಗಣತಿಯ ನಮೂನೆಯಲ್ಲಿಯೇ ಬಿಟ್ಟಿ ಆಸನ ಎಷ್ಟು, ಮೀಸಲು ಎಷ್ಟು ಎಂಬ ಪ್ರಶ್ನೆಯಿತ್ತು. ಬಿಟ್ಟಿ ಬೆಂಚಿನ ಮೇಲೆ ಕೂತವನಿಗೆ ಪ್ರವಚನಕ್ಕಿಂತ ಮುಂದಿನವರ ಬೆನ್ನು ಚೆನ್ನಾಗಿ ಕಾಣುತ್ತದೆ. ಇದು ಪುಸ್ತಕದಲ್ಲಿ ಓದಿದ್ದಲ್ಲ, ನನ್ನ ಸ್ವಂತ ಅನುಭವ.

ಬಡವರು ಬಾರದಿದ್ದರೆ ನಾವೇ ಹೋಗೋಣವೆಂದು ಹೊರಟವರೂ ಇದ್ದರು. ಅವರಲ್ಲಿ ವಿಲಿಯಂ ಬೂತ್ ಮತ್ತು ಅವರ ಪತ್ನಿ ಕ್ಯಾಥರೀನ್ ಬೂತ್ ಮುಖ್ಯರು. ಬೂತ್ 1865ರಲ್ಲಿ ಪೂರ್ವ ಲಂಡನ್ನಿನ ವೈಟ್‌ಚಾಪೆಲ್ಲಿನಲ್ಲಿ, ಹೆಂಡದಂಗಡಿಗಳ ಎದುರಿನ ಬಯಲಿನಲ್ಲಿ ನಿಂತು ಬೋಧಿಸತೊಡಗಿದರು. 1878ರಲ್ಲಿ ಅದಕ್ಕೆ ರಕ್ಷಣ್ಯ ಸೈನ್ಯ, ಸಾಲ್ವೇಶನ್ ಆರ್ಮಿ, ಎಂದು ಹೆಸರಾಯಿತು. ಆರಂಭದಲ್ಲಿ ಅವರಿಗೆ ಬೇಕಾಗಿದ್ದುದು ಆತ್ಮಗಳು ಮಾತ್ರ. ಹಸಿದವನ ಕಿವಿಗೆ ಬೋಧೆ ಹೋಗದೆಂಬುದನ್ನು ಓಣಿಯೇ ಅವರಿಗೆ ಕಲಿಸಿತು. ಸಾರು, ಸಾಬೂನು, ಸದ್ಗತಿ ಎಂಬುದು ಆ ಸೈನ್ಯದ ಘೋಷಣೆಯಾಯಿತು. 1890ರಲ್ಲಿ ಬೂತರು ಬರೆದ ದೊಡ್ಡ ಗ್ರಂಥದಲ್ಲಿ ಒಂದು ವಾದವಿದೆ: ಲಂಡನ್ನಿನ ಬಾಡಿಗೆ ಗಾಡಿಯ ಕುದುರೆ ಬೀದಿಯಲ್ಲಿ ಬಿದ್ದರೆ, ತಪ್ಪು ಅದರದೇ ಅಲ್ಲವೇ ಎಂದು ಯಾರೂ ವಿಚಾರಿಸುವುದಿಲ್ಲ, ಮೊದಲು ಎತ್ತಿ ನಿಲ್ಲಿಸುತ್ತಾರೆ; ಬದುಕಿರುವಷ್ಟು ಕಾಲ ಅದಕ್ಕೆ ಮೇವು, ಲಾಯ, ಕೆಲಸ ಉಂಟು; ಕುದುರೆಗಿರುವಷ್ಟು ಮನುಷ್ಯನಿಗೂ ಇರಲಿ. ಮರುವರ್ಷ ಅವರು ಒಂದು ಬೆಂಕಿಕಡ್ಡಿ ಕಾರ್ಖಾನೆಯನ್ನೇ ತೆರೆದರು. ಬಿಳಿ ರಂಜಕದಿಂದ ಕಡ್ಡಿ ಮಾಡುವ ಹೆಂಗಸರ ದವಡೆಯ ಮೂಳೆ ಕೊಳೆಯುತ್ತಿತ್ತು. ಇವರು ನಿರಪಾಯವಾದ ಕೆಂಪು ರಂಜಕ ಬಳಸಿ, ಹೆಚ್ಚು ಕೂಲಿ ಕೊಟ್ಟು ತೋರಿಸಿದರು. ಕಾರ್ಖಾನೆ ಹತ್ತು ವರ್ಷವೇ ಬಾಳಿತು. ಬಿಳಿ ರಂಜಕವನ್ನು ನಿಷೇಧಿಸುವ ಕಾನೂನು ಅಲ್ಲಿ ಬಂದದ್ದು 1908ರಲ್ಲಿ.

ಇಲ್ಲಿ ನಮ್ಮ ನಾಡಿನ ಒಂದು ಸಂಗತಿ ನೆನಪಾಗುತ್ತದೆ. ಬೂತರು ವೈಟ್‌ಚಾಪೆಲ್ಲಿನಲ್ಲಿ ನಿಂತ ಅದೇ 1865ರಲ್ಲಿ, ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬವರು ಹೆಂಚಿನ ಕಾರ್ಖಾನೆ ಆರಂಭಿಸಿದರು. ಕ್ರೈಸ್ತರಾದವರನ್ನು ಜಾತಿ ಹೊರಹಾಕಿತು. ಜಾತಿ ಹೋದರೆ ಕಸುಬೂ ಹೋಯಿತು. ಬೋಧಿಸಿದವರೇ ಅವರ ಅನ್ನಕ್ಕೂ ಹೊಣೆಯಾಗಬೇಕಾಯಿತು. ಹೀಗೆ ನೇಯ್ಗೆ, ಅಚ್ಚುಕೂಟ, ಹೆಂಚು. ಊರಿನಲ್ಲಿ ನಮ್ಮ ದೊಡ್ಡಪ್ಪ ಕಟ್ಟಿಸಿದ ಮನೆಗೂ "ಮಂಗಳೂರ ಹಂಚು" ಎಂದೇ ಹೇಳಿ ತಂದದ್ದು. ಅದರ ಹಿಂದೆ ಇಷ್ಟು ಕಥೆ ಇದೆಯೆಂದು ಹೊದಿಸಿದ ಅಪ್ಪನಿಗೂ ಗೊತ್ತಿರಲಿಲ್ಲ.

ಮತ್ತೆ ಪೂರ್ವ ಲಂಡನ್ನಿಗೆ ಬರುತ್ತೇನೆ, ಏಕೆಂದರೆ ನನ್ನ ನಿದ್ದೆ ಕೆಡಿಸಿದ ಪುಟ ಅಲ್ಲಿಯದು. ಬೂತರ ನೆರೆಯಲ್ಲೇ, ಸ್ಟೆಪ್ನಿಯಲ್ಲಿ, ತಾಮಸ್ ಬರ್ನಾರ್ಡೊ ಎಂಬ ಭಕ್ತ ಸುವಾರ್ತಿಕರು 1870ರಲ್ಲಿ ದಿಕ್ಕಿಲ್ಲದ ಹುಡುಗರಿಗಾಗಿ ಒಂದು ಮನೆ ತೆರೆದರು. ಸಾವಿರಾರು ಮಕ್ಕಳಿಗೆ ಅನ್ನ, ಬಟ್ಟೆ, ಕಸುಬು ಕೊಟ್ಟ ದೊಡ್ಡ ಮನುಷ್ಯರು. ಹಣ ಕೂಡಿಸಲು ಅವರು ಜೋಡಿ ಚಿತ್ರಗಳನ್ನು ಮಾರುತ್ತಿದ್ದರು: ಒಂದರಲ್ಲಿ ಚಿಂದಿ ತೊಟ್ಟ, ಕೆದರಿದ ತಲೆಯ ಹುಡುಗ, ಇನ್ನೊಂದರಲ್ಲಿ ಅದೇ ಹುಡುಗ ಶುಭ್ರವಾಗಿ ಕೆಲಸದಲ್ಲಿ ತೊಡಗಿರುವುದು. ಮನೆಗೆ ಸೇರುವ ಮೊದಲು, ಸೇರಿದ ನಂತರ! ಆದರೆ ಕೆಲವು ಚಿತ್ರಗಳಲ್ಲಿ ಮಕ್ಕಳ ಬಟ್ಟೆಯನ್ನು ಬೇಕೆಂದೇ ಹರಿದು, ಇದ್ದುದಕ್ಕಿಂತ ದೀನರಾಗಿ ಕಾಣುವಂತೆ ನಿಲ್ಲಿಸಿದ್ದರೆಂದು ಆರೋಪ ಬಂತು. ಆರೋಪಿಸಿದವರಲ್ಲಿ ಮುಂದಾಳು ಕೂಡ ಒಬ್ಬ ಪಾದ್ರಿಯೇ. 1877ರಲ್ಲಿ ಪಂಚಾಯಿತಿ ನಡೆಯಿತು. ಬಹುಪಾಲು ಆರೋಪಗಳಿಂದ ಬರ್ನಾರ್ಡೊ ಪಾರಾದರು; ಚಿತ್ರದ ವಿಷಯದಲ್ಲಿ ಮಾತ್ರ ಪಂಚರು ಒಪ್ಪಲಿಲ್ಲ, ಇದೊಂದು ಕಟ್ಟುಕಲ್ಪನೆ, ಸಲ್ಲದು ಎಂದರು.

ಆ ಪುಟವನ್ನು ಎಷ್ಟು ಹೊತ್ತು ನೋಡುತ್ತ ಕುಳಿತಿದ್ದೆನೋ, ಗ್ರಂಥಪಾಲಕರು ಬಂದು ದೀಪ ಆರಿಸುವ ಹೊತ್ತಾಯಿತೆಂದು ಎಬ್ಬಿಸಿದರು. ನನ್ನ ಅಂಗಿಯನ್ನು ಯಾರೂ ಹರಿದಿರಲಿಲ್ಲ. ಹರಿದದ್ದು ಅಪ್ಪನ ಮರ್ಯಾದೆ. ಆದರೂ ಬರ್ನಾರ್ಡೊರ ಮೇಲೆ ಸಿಟ್ಟು ತಾಳಲು ಹೋದರೆ, ಆ ಮಕ್ಕಳು ಉಂಡ ಅನ್ನ ಕಣ್ಣೆದುರು ಬರುತ್ತದೆ; ಅನ್ನ ನೆನೆದು ಕ್ಷಮಿಸಲು ಹೋದರೆ ಬಾಗಿಲ ಬಳಿ ನಿಂತ ಅವ್ವ. ತರ್ಕಶಾಸ್ತ್ರದ ಪಾಠದಲ್ಲಿ ಇಂಥದಕ್ಕೆ ಉತ್ತರವಿದೆಯೇ ಎಂದು ಹುಡುಕಿದೆ, ಪಠ್ಯಭಾಗದಲ್ಲಿ ಇರಲಿಲ್ಲ.

ಸಾರಿನಿಂದ ಮುಂದಿನ ಹೆಜ್ಜೆ ನೆರೆತನ. ವೈಟ್‌ಚಾಪೆಲ್ಲಿನ ಸೇಂಟ್ ಜೂಡ್ ಚರ್ಚಿನ ಸ್ಯಾಮುಯೆಲ್ ಬಾರ್ನೆಟ್ ಮತ್ತು ಅವರ ಪತ್ನಿ ಹೆನ್ರಿಯೆಟ್ಟಾ 1884ರಲ್ಲಿ ಟಾಯ್ನ್‌ಬಿ ಹಾಲ್ ಸ್ಥಾಪಿಸಿದರು. ಆಕ್ಸ್‌ಫರ್ಡ್, ಕೇಂಬ್ರಿಡ್ಜುಗಳಿಂದ ಬಂದ ತರುಣರು ಬಡವರ ನಡುವೆಯೇ ವಾಸಿಸಿ ಕಲಿಸಲಿ, ಕಲಿಯಲಿ ಎಂಬುದು ಉದ್ದೇಶ. ಆದರೆ ಆ ತರುಣರು ಕೆಲವು ಕಾಲ ಇದ್ದು ಹಿಂದಿರುಗಬಹುದಾಗಿತ್ತು. ಓಣಿಯವರಿಗೆ ಹಿಂದಿರುಗಲು ಬೇರೆ ಸ್ಥಳವಿರಲಿಲ್ಲ. ಇನ್ನೂ ಗಟ್ಟಿಯಾದ ಕೆಲಸ ಮಾಡಿದವರೆಂದು ನಾನು ಎಣಿಸುವುದು ಕಾರ್ಡಿನಲ್ ಮ್ಯಾನಿಂಗ್ ಅವರನ್ನು. 1889ರಲ್ಲಿ ಲಂಡನ್ನಿನ ಹಡಗುಕಟ್ಟೆ ಕೂಲಿಗಳು ಗಂಟೆಗೆ 6 ಪೆನ್ಸ್ ಕೂಲಿ ಬೇಕೆಂದು ಐದು ವಾರ ಮುಷ್ಕರ ಹೂಡಿದಾಗ, 80 ದಾಟಿದ ಆ ವೃದ್ಧರು ಮಧ್ಯಸ್ಥರಾಗಿ ನಿಂತು ರಾಜಿ ಮಾಡಿಸಿದರು. ಅವರು ಕೂಲಿಗಳಿಗೆ ಸಾರು ಕೊಡಿಸಲಿಲ್ಲ, ಕೂಲಿ ಕೊಡಿಸಿದರು. ಇವೆರಡರ ಅಂತರ ಕೂಲಿಕಾರನ ಮಗನಿಗೆ ವಿವರಿಸಿ ಹೇಳಬೇಕಾಗಿಲ್ಲ.

ಫ್ರಾನ್ಸಿನವರು ಇದಕ್ಕೂ ಮುಂದೆ ಹೋದರು. 1943ರಲ್ಲಿ ಗೊದಾ ಮತ್ತು ದಾನಿಯೆಲ್ ಎಂಬ ಇಬ್ಬರು ಪಾದ್ರಿಗಳು, ಫ್ರಾನ್ಸೇ ಈಗ ಸುವಾರ್ತೆ ಸಾರಬೇಕಾದ ದೇಶವಲ್ಲವೇ ಎಂದು ಪ್ರಶ್ನಿಸುವ ಪುಸ್ತಕ ಬರೆದು, ಪ್ಯಾರಿಸಿನ ಕಾರ್ಮಿಕರಿಗೂ ಚರ್ಚಿಗೂ ನಡುವೆ ಒಂದು ಗೋಡೆಯೇ ಎದ್ದಿದೆಯೆಂದರು. ಆಮೇಲೆ ಕೆಲವು ಪಾದ್ರಿಗಳು ನಿಲುವಂಗಿ ಕಳಚಿ, ಕಾರ್ಖಾನೆಗಳಲ್ಲಿ ಕೂಲಿಗೆ ಸೇರಿ, ಕೂಲಿಯಲ್ಲೇ ಬದುಕಿದರು. ಕಾರ್ಮಿಕ ಸಂಘಗಳಿಗೂ ಸೇರಿದರು. ರೋಮಿನ ಅಧಿಕಾರಿಗಳಿಗೆ ಇದು ಸಹನೆಯಾಗಲಿಲ್ಲ. 1954ರಲ್ಲಿ ಕಾರ್ಖಾನೆ ಬಿಟ್ಟು ಬನ್ನಿರೆಂದು ಆಜ್ಞೆಯಾಯಿತು. ಕೆಲವರು ಬಂದರು, ಕೆಲವರು ಬರಲಿಲ್ಲ. 1965ರಲ್ಲಿ ಮತ್ತೆ ಅಪ್ಪಣೆ ದೊರೆಯಿತು. ಕಲಿಸಲು ಹೋದವನು ತಾನೇ ಬೇರೆಯವನಾಗಿ ಹಿಂದಿರುಗುವುದು ಕಳಿಸಿದವರಿಗೆ ಯಾವಾಗಲೂ ಕಷ್ಟವೇ. ಮನೆಯಿಂದ ಕಾಲೇಜಿಗೆ ಬಂದ ನಮ್ಮಂಥವರಿಗೂ ಅದರ ಬಿಸಿ ಸ್ವಲ್ಪ ಗೊತ್ತು.

ಶೆಪರ್ಡರು ಕ್ಯಾನಿಂಗ್ ಟೌನಿನಲ್ಲಿ ಕಲಿತದ್ದೂ ಇದನ್ನೇ. ಹೊರಗಿನಿಂದ ಬಂದ ಸುಶಿಕ್ಷಿತರು ಎಷ್ಟು ದಿನ ನಡೆಸಿದರೂ ಚರ್ಚು ಓಣಿಯವರದಾಗದು, ಓಣಿಯವರೇ ಮುಂದಾಳುಗಳಾಗಬೇಕು ಎಂಬುದು ಅವರ ಪಟ್ಟು. 1975ರಲ್ಲಿ ಅವರು ಲಿವರ್‌ಪೂಲಿನ ಬಿಷಪ್ಪರಾದರು. ಆ ಊರಿನಲ್ಲಿ ಎರಡು ದೊಡ್ಡ ಕಥೀಡ್ರಲ್‌ಗಳು, ಒಂದು ಆಂಗ್ಲಿಕನರದು, ಒಂದು ಕ್ಯಾಥೊಲಿಕರದು. ನಡುವಿನ ಬೀದಿಯ ಹೆಸರು ಹೋಪ್ ಸ್ಟ್ರೀಟ್. ಕ್ಯಾಥೊಲಿಕ್ ಆರ್ಚ್‌ಬಿಷಪ್ ವರ್ಲಾಕ್ ಮತ್ತು ಶೆಪರ್ಡ್ ಒಡನಾಡಿಗಳಾಗಿ ನಿರುದ್ಯೋಗದ ವಿರುದ್ಧ ದನಿಯೆತ್ತಿದರು. 1981ರಲ್ಲಿ ಲಂಡನ್ನಿನ ಬ್ರಿಕ್ಸ್ಟನ್ನಿನಲ್ಲಿ, ಲಿವರ್‌ಪೂಲಿನ ಟಾಕ್ಸ್‌ಟೆತ್‌ನಲ್ಲಿ ಗಲಭೆಗಳಾದವು. 1983ರಲ್ಲಿ ಆರ್ಚ್‌ಬಿಷಪ್ ರನ್ಸಿ ಒಂದು ಆಯೋಗ ನೇಮಿಸಿದರು. ಶೆಪರ್ಡ್ ಅದರ ಉಪಾಧ್ಯಕ್ಷರು. ಸದಸ್ಯರು ಬಡ ಬಡಾವಣೆಗಳಿಗೇ ಹೋಗಿ ಜನರ ಮಾತು ಕೇಳಿಸಿಕೊಂಡರು. 1985ರ ಡಿಸೆಂಬರಿನಲ್ಲಿ 'ಫೇತ್ ಇನ್ ದ ಸಿಟಿ' ಎಂಬ ವರದಿ ಹೊರಬಂತು. ಸರ್ಕಾರದ ಕಡೆಯ ಒಬ್ಬರು, ಹೆಸರು ಹೇಳದೆ, ಇದು ಶುದ್ಧ ಮಾರ್ಕ್ಸ್‌ವಾದವೆಂದು ಜರೆದರು. ಪುಸ್ತಕ ಇನ್ನಷ್ಟು ಖರ್ಚಾಯಿತು. ನನಗೆ ಹಿಡಿಸಿದ್ದು ಒಂದು ಲೆಕ್ಕ. ವರದಿಯಲ್ಲಿದ್ದ 61 ಶಿಫಾರಸುಗಳಲ್ಲಿ ಸರ್ಕಾರಕ್ಕೂ ದೇಶಕ್ಕೂ ಹೇಳಿದವು 23. ಚರ್ಚು ತನಗೆ ತಾನೇ ಹೇಳಿಕೊಂಡವು 38. ಬಡವರಿಗೆ ಬುದ್ಧಿ ಹೇಳುತ್ತಿದ್ದವರು ಬುದ್ಧಿ ಹೇಳಿಸಿಕೊಳ್ಳಲು ಕುಳಿತದ್ದು ಅಂದು.

ನಮ್ಮ ಬೆಂಗಳೂರಿನಲ್ಲಿಯೂ 1957ರಲ್ಲಿ ಧರ್ಮ ಮತ್ತು ಸಮಾಜದ ಅಧ್ಯಯನಕ್ಕಾಗಿ ಒಂದು ಕ್ರೈಸ್ತ ಸಂಸ್ಥೆ ಹುಟ್ಟಿತು. ಪಿ. ಡಿ. ದೇವನಂದನ್, ಅವರ ತರುವಾಯ ಎಂ. ಎಂ. ತಾಮಸ್ ಅದನ್ನು ನಡೆಸಿದರು. ಅನ್ಯಧರ್ಮದವರೊಡನೆ ಸೇರಿ ನ್ಯಾಯಕ್ಕಾಗಿ ದುಡಿಯುವುದೇ ಚರ್ಚಿನ ಕೆಲಸವೆಂಬ ವಿಚಾರವನ್ನು ಅವರು ನಮ್ಮ ಓಣಿ ಹುಟ್ಟುವುದಕ್ಕಿಂತ ಎಷ್ಟೋ ಮೊದಲೇ ಬರೆದಿದ್ದರು. ವಿಚಾರ ಪುಸ್ತಕದಿಂದ ಹಜಾರಕ್ಕೆ ನಡೆದು ಬರಲು ಕಾಲ ಹಿಡಿಯುತ್ತದೆ. ನನ್ನ ಹಜಾರದಲ್ಲಂತೂ ಎಲ್ಲ ಕಾಲಗಳೂ ಒಟ್ಟಿಗೆ ಇದ್ದವು: ಆರು ಗಂಟೆಯ ಪ್ರಾರ್ಥನೆಯಲ್ಲಿ 1835, ಬನ್ನಿನಲ್ಲಿ ಬೂತರು, ವೇದಿಕೆಯ ಮೇಲೆ ಬರ್ನಾರ್ಡೊ. ಅಕ್ಕ ಮಾತ್ರ ನನ್ನ ಪಕ್ಕದಲ್ಲಿ, ಅದೇ ಕುಂಟು ಬೆಂಚಿನ ಮೇಲೆ ಕೂತು ಲೆಕ್ಕ ತಿದ್ದುತ್ತಿದ್ದರು.

ವಾರ ಮುಗಿದ ಮೇಲೆ ಪಾದ್ರಿಯವರನ್ನು ಕಾಣಲು ಹೋದೆ. ಮಾತಾಡುತ್ತೇನೆ, ಆದರೆ ಹಾಳೆ ನಾನೇ ಬರೆದುಕೊಳ್ಳುತ್ತೇನೆ ಎಂದೆ. ಏಕೆಂದು ಅವರು ಕೇಳಿದಾಗ ಹಳೆಯ ಸಂಗತಿಯನ್ನೆಲ್ಲ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನಿಮ್ಮ ತಂದೆಯವರು ಬರುತ್ತಾರೆಯೇ?" ಎಂದಷ್ಟೇ ಕೇಳಿದರು.

ಅಪ್ಪನನ್ನು ಒಪ್ಪಿಸುವ ಮೊದಲು ಅವನಿಗೆ ನಿಜ ಹೇಳಬೇಕಾಗಿತ್ತು. ಹೇಳಿದೆ. ಅಪ್ಪ ಅವ್ವನ ಮುಖ ನೋಡಿದ. "ನಿನಗ ಗೊತ್ತಿತ್ತೇನು?" ಎಂದ. ಅವ್ವ ಅಕ್ಕಿ ಆರಿಸುತ್ತಲೇ ಇದ್ದಳು. ಅಪ್ಪ ಎದ್ದು ಹೊರಗೆ ಹೋಗಿ ಎಲೆ ಅಡಿಕೆ ಹಾಕಿಕೊಂಡು ಬಂದು, "ಹನ್ನೆರಡು ವರ್ಷದ ಹುಡುಗ, ನೀ ಏನ್ ಮಾಡ್ತಿದ್ದಿ," ಎಂದ. ಆಮೇಲೆ, "ಬರ್ತೀನಿ, ನಡಿ," ಎಂದ.

ಉತ್ಸವದ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ, ಅತಿಥಿಗಳ ಪಕ್ಕದಲ್ಲಿ ಕೂತಿದ್ದ. ನಾನು ಅಕ್ಕನ ಭಿನ್ನರಾಶಿಯ ಬಗೆಗೆ ಹೇಳಿದೆ. ಏಳನೆಯ ತರಗತಿಯಲ್ಲಿ ಇದೇ ವೇದಿಕೆಯ ಮೇಲೆ ನಾನು ಹೇಳಿದ ಒಂದು ಮಾತು ಸುಳ್ಳೆಂದೂ, ಆ ಮಾತಿನ ತಂದೆ ಇಲ್ಲಿ ಕೂತಿದ್ದಾರೆಂದೂ ಹೇಳಿದೆ. ಚಪ್ಪಾಳೆ ಮೊದಲಿನಷ್ಟು ದೊಡ್ಡದಾಗಿ ಬೀಳಲಿಲ್ಲ. ಅಪ್ಪ ಕೇಳಿಸಿಕೊಂಡನೋ ಇಲ್ಲವೋ ನನಗೆ ತಿಳಿಯದು. ಅವನ ಕಣ್ಣು ನನ್ನ ಹಿಂದಿನ ಗೋಡೆಯ ಮೇಲಿತ್ತು.

ಎಲ್ಲ ಮುಗಿದು ಪಾದ್ರಿಯವರು ಬಂದು ಕೈಮುಗಿದಾಗ ಅಪ್ಪ, "ಸ್ವಾಮೇರ, ಆ ಗ್ವಾಡಿ ಗಿಲಾವು ಉಬ್ಬ್ಯಾದ, ಮಳಿಗಾಲಕ್ಕ ಹುಡುಗರ ಮ್ಯಾಲ ಬೀಳ್ತದ. ಸಿಮೆಂಟು, ಉಸುಕು ತರಿಸ್ರಿ. ಐತವಾರ ನಾ ಬರ್ತೀನಿ," ಎಂದ. ಕೂಲಿ ಎಷ್ಟೆಂದು ಪಾದ್ರಿಯವರು ಅಳುಕುತ್ತ ಕೇಳಿದರು. "ನನ್ನ ಮಗನಿಗೆ ನೀವು ತಗೊಂಡಷ್ಟು," ಎಂದ ಅಪ್ಪ.

ಆ ಭಾನುವಾರ ಆರಾಧನೆ ಮುಗಿದ ಮೇಲೆ ಪಾದ್ರಿಯವರೂ ತೋಳು ಮಡಿಚಿ ನೀರು ಹೊತ್ತರು. ಉಸುಕು ಜಾಲಿಸುವ ಕೆಲಸ ನನ್ನದು. ಬಿ.ಎ. ತನಕ ಓದಿಯೂ ಜಲ್ಲಿಯನ್ನು ಸರಿಯಾಗಿ ಬೇರೆ ಮಾಡಲು ಬರದೆಂದು ಅಪ್ಪ ಎಲ್ಲರೆದುರಿಗೆ ಎರಡು ಸಲ ಬೈದ.